ಅಭ್ಯರ್ಥಿ ಯಾರೂ ಮನಸ್ಸಿಗೆ ಬಾರದಿದ್ದರೆ: ರಾಷ್ಟ್ರಪತಿ ಚುನಾವಣೆ, ನೋಟಾ ಮತ್ತು ನಮ್ಮ ಮತ



ಹೋದ ತಿಂಗಳ ಸಭೆ ಮುಗಿದು ಚಹಾ ಕುಡಿಯುವಾಗ ಮಕ್ತಲ್ ಕಡೆಯ ಹಿರಿಯ ಸದಸ್ಯರೊಬ್ಬರು ಕೇಳಿದರು: "ಅಲ್ರೀ, ದೇಶಕ್ಕ ದೊಡ್ಡವರು ರಾಷ್ಟ್ರಪತಿ. ಅವರಿಗೆ ನಾವ್ಯಾಕ ಓಟು ಹಾಕಂಗಿಲ್ಲ? ಹಾಕೋ ಚುನಾವಣ್ಯಾಗ ನಿಂತೋರು ಒಬ್ಬರೂ ಮನಸ್ಸಿಗೆ ಬರಂಗಿಲ್ಲ." ಪಕ್ಕದಲ್ಲಿದ್ದ ಗದ್ವಾಲದ ಯುವಕ, "ನೋಟಾ ಒತ್ತಿರಿ ಕಾಕಾ, ಎಲ್ಲಾರೂ ಒತ್ತಿದರ ಚುನಾವಣೆನೇ ರದ್ದು ಆಗ್ತದ" ಅಂದ. ಅದು ಹಾಗಲ್ಲ ಎಂದು ನಾನು ಹೇಳಿದೆ. ಸಭೆಯಲ್ಲಿದ್ದ ಅರ್ಧ ಜನ ನಂಬಲಿಲ್ಲ. ನೌಕರಿಯಲ್ಲಿದ್ದಾಗ ಹಲವು ಚುನಾವಣೆಗಳಲ್ಲಿ ಪೋಲಿಂಗ್ ಡ್ಯೂಟಿ ಮಾಡಿದವನು ನಾನು. ಆದ್ದರಿಂದ ವಿಷಯವನ್ನು ಬರೆದೇ ಕೊಡುತ್ತೇನೆ ಎಂದು ಒಪ್ಪಿಕೊಂಡೆ. ಇದನ್ನು ತೆಗೆದಿಟ್ಟುಕೊಳ್ಳಿ. ಕೊನೆಯಲ್ಲಿ ನಮ್ಮ ಸಂಘದ ಚುನಾವಣೆಗೆ ಸಂಬಂಧಿಸಿದ ಒಂದು ಸೂಚನೆಯೂ ಇದೆ, ಅದನ್ನು ಬಿಟ್ಟು ಓದಬೇಡಿ.

ರಾಷ್ಟ್ರಪತಿಗೆ ಮತ ಹಾಕುವವರು ಯಾರು

ಸಂವಿಧಾನದ 54ನೇ ವಿಧಿಯ ಪ್ರಕಾರ ರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಎರಡೂ ಸದನಗಳ ಚುನಾಯಿತ ಸದಸ್ಯರು ಮತ್ತು ವಿಧಾನಸಭೆಗಳ ಚುನಾಯಿತ ಶಾಸಕರು. ಪತ್ರಿಕೆಗಳು ಇದನ್ನೇ ಎಲೆಕ್ಟೋರಲ್ ಕಾಲೇಜು ಎನ್ನುತ್ತವೆ. ನಾಮಕರಣಗೊಂಡ ಸದಸ್ಯರಿಗೆ ಮತವಿಲ್ಲ. ವಿಧಾನ ಪರಿಷತ್ತಿನವರಿಗೂ ಇಲ್ಲ. ತೆಲಂಗಾಣ, ಕರ್ನಾಟಕ ಎರಡರಲ್ಲೂ ಪರಿಷತ್ತು ಇರುವುದರಿಂದ ಇದನ್ನು ನೆನಪಿಡಬೇಕು.

ನೇರ ಚುನಾವಣೆ ಏಕೆ ಬೇಡವೆಂದರು? ನಮ್ಮಲ್ಲಿ ಅಧಿಕಾರ ನಡೆಸುವುದು ಪ್ರಧಾನಿ ಮತ್ತು ಮಂತ್ರಿಮಂಡಲ. ಕೋಟಿಗಟ್ಟಲೆ ಜನರಿಂದ ನೇರವಾಗಿ ಆರಿಸಿ ಬಂದ ರಾಷ್ಟ್ರಪತಿ 'ನನಗೂ ಜನರ ಬೆಂಬಲವಿದೆ' ಎಂದು ಕುಳಿತರೆ ಒಂದೇ ಮನೆಯಲ್ಲಿ ಇಬ್ಬರು ಯಜಮಾನರು ಆಗುತ್ತಾರೆ. ಸಂವಿಧಾನ ಸಭೆಯಲ್ಲಿ ಈ ವಾದವೇ ಗೆದ್ದಿತು.

ಹಾಗೆಂದು ನಮ್ಮ ಮತಕ್ಕೆ ಸಂಬಂಧವೇ ಇಲ್ಲವೆಂದಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಕ್ಷೇತ್ರಗಳಿಂದ ನಾವು ಕಳಿಸಿದ ಮೂವರು ಶಾಸಕರು ನಮ್ಮ ಪರವಾಗಿ ಅಲ್ಲಿ ಮತ ಹಾಕುತ್ತಾರೆ. ಲೋಕಸಭೆಗೆ ನಾರಾಯಣಪೇಟೆ, ಮಕ್ತಲ್ ಎರಡೂ ಮಹಬೂಬನಗರಕ್ಕೆ ಸೇರಿದರೆ ಗದ್ವಾಲ ನಾಗರಕರ್ನೂಲಿಗೆ ಸೇರಿದೆ. ಆ ಇಬ್ಬರು ಸಂಸದರ ಮತವೂ ನಮ್ಮ ಲೆಕ್ಕದ್ದೇ.

ಶಾಸಕರ ಮತಕ್ಕೆ ಒಂದು ಮೌಲ್ಯವಿದೆ. ರಾಜ್ಯದ 1971ರ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಬೇಕು. ತೆಲಂಗಾಣಕ್ಕೆ ಸೇರಿದ ಭಾಗದ 1971ರ ಜನಸಂಖ್ಯೆ 1,57,02,122. ಶಾಸಕರು 119. ಲೆಕ್ಕ ಮಾಡಿದರೆ 132 ಬರುತ್ತದೆ. ಕರ್ನಾಟಕದ ಜನಸಂಖ್ಯೆ 2,92,99,014, ಶಾಸಕರು 224, ಮೌಲ್ಯ 131. ಅಂದರೆ ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ ಶಾಸಕರು ರಾಯಚೂರಿನ ಶಾಸಕರಿಗಿಂತ ಒಂದು ಮತ ಹೆಚ್ಚು ತೂಗುತ್ತಾರೆ! ರಾಯಚೂರಿನಲ್ಲಿರುವ ನನ್ನ ತಂಗಿಗೆ ಫೋನ್ ಮಾಡಿ ಇದನ್ನು ಹೇಳಿದೆ. "ಅದರಿಂದ ನಿಮ್ಮೂರಿಗೆ ಒಂದು ನಳ ಜಾಸ್ತಿ ಬಂತೇನು?" ಎಂದಳು.

ಅವಿಭಜಿತ ಆಂಧ್ರಪ್ರದೇಶದಲ್ಲಿದ್ದಾಗ ಇದೇ ಮೌಲ್ಯ 148 ಇತ್ತು. ಉತ್ತರಪ್ರದೇಶದ ಶಾಸಕರದು 208, ಸಿಕ್ಕಿಂನವರದು 7. ಇಂದಿಗೂ 1971ರ ಜನಸಂಖ್ಯೆಯನ್ನೇ ಹಿಡಿದಿರುವುದು ಏಕೆಂದರೆ, ಕುಟುಂಬ ಯೋಜನೆಯನ್ನು ಚೆನ್ನಾಗಿ ನಡೆಸಿದ ರಾಜ್ಯಗಳ ತೂಕ ಅದೇ ಕಾರಣಕ್ಕೆ ಇಳಿಯಬಾರದು ಎಂದು. 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ ಹೀಗೆಯೇ ಇರುತ್ತದೆ.

ಎಲ್ಲ ಶಾಸಕರ ಒಟ್ಟು ಮೌಲ್ಯವನ್ನು ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬ ಸಂಸದರ ಮೌಲ್ಯ ಸಿಗುತ್ತದೆ. 2022ರಲ್ಲಿ ಅದು 700 ಇತ್ತು. ಆ ಸಲದ ಒಟ್ಟು ಮತಮೌಲ್ಯ 10,86,431. ಅದರಲ್ಲಿ ನಮ್ಮ ಮೂವರು ಶಾಸಕರ ಪಾಲು 396. ಆ ಚುನಾವಣೆಯಲ್ಲಿ ದ್ರೌಪದಿ ಮುರ್ಮು ಅವರಿಗೆ 6,76,803, ಯಶವಂತ ಸಿನ್ಹಾ ಅವರಿಗೆ 3,80,177 ಬಂದವು. ಗಡಿಯ ಈಚೆ ತೆಲಂಗಾಣದ ಆಡಳಿತ ಪಕ್ಷ ಸಿನ್ಹಾ ಅವರನ್ನು ಬೆಂಬಲಿಸಿತು, ಆಚೆ ಕರ್ನಾಟಕದ ಆಡಳಿತ ಪಕ್ಷ ಮುರ್ಮು ಅವರನ್ನು. ಅಣ್ಣ ಈ ಕಡೆ, ತಂಗಿ ಆ ಕಡೆ ಇರುವ ನಮ್ಮಂಥ ಮನೆಗಳ ಮತ ಹೀಗೆ ಎರಡು ದಾರಿ ಹಿಡಿಯಿತು, ನಮ್ಮನ್ನು ಯಾರೂ ಕೇಳಲಿಲ್ಲ.

ಶಾಸಕರಿಗೇ ಅಭ್ಯರ್ಥಿ ಹಿಡಿಸದಿದ್ದರೆ?

ಇದು ನಿಜವಾಗಿ ನಡೆದದ್ದು 1969ರಲ್ಲಿ. ಕಥೆಯ ಆರಂಭ ಬೆಂಗಳೂರಿನಲ್ಲಿ.

ಆ ವರ್ಷ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಅವರು ಹುಟ್ಟಿದ್ದು ನಮ್ಮ ಹೈದರಾಬಾದಿನಲ್ಲಿ. ಜುಲೈ ತಿಂಗಳಲ್ಲಿ ಕಾಂಗ್ರೆಸ್ ಅಧಿವೇಶನ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿತು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಹಿರಿಯ ನಾಯಕರು ಸೇರಿ ನೀಲಂ ಸಂಜೀವ ರೆಡ್ಡಿಯವರ ಹೆಸರನ್ನು ಗೊತ್ತು ಮಾಡಿದರು. ಅನಂತಪುರ ಜಿಲ್ಲೆಯವರು, ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ, ಆಗ ಲೋಕಸಭೆಯ ಸ್ಪೀಕರ್. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಈ ಆಯ್ಕೆ ಒಪ್ಪಿಗೆಯಾಗಲಿಲ್ಲ. ಆದರೂ ನಾಮಪತ್ರಕ್ಕೆ ಅವರೇ ಸಹಿ ಹಾಕಿದ್ದರು. ಇತ್ತ ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿಯವರು ರಾಜೀನಾಮೆ ಕೊಟ್ಟು ಸ್ವತಂತ್ರರಾಗಿ ನಿಂತರು. ಮೂರನೆಯವರು ಹಿಂದೆ ಹಣಕಾಸು ಮಂತ್ರಿಯಾಗಿದ್ದ ಸಿ.ಡಿ. ದೇಶಮುಖ್. ಕಣದಲ್ಲಿ ಒಟ್ಟು 15 ಜನ.

ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷಗಳು ವಿಪ್ ಹೊರಡಿಸುವಂತಿಲ್ಲ, ಮತ ಗುಪ್ತ. ನಿಜಲಿಂಗಪ್ಪನವರು ದೇಶಮುಖ್ ಅವರ ಪರ ಇದ್ದ ವಿರೋಧ ಪಕ್ಷಗಳ ಬಳಿ ಎರಡನೇ ಪ್ರಾಶಸ್ತ್ಯದ ಮತವನ್ನಾದರೂ ರೆಡ್ಡಿಯವರಿಗೆ ಕೊಡಿ ಎಂದು ಕೇಳಿದರು. ಅದನ್ನೇ ಕಾರಣ ಮಾಡಿಕೊಂಡು ಇಂದಿರಾ ಪಾಳಯ 'ಆತ್ಮಸಾಕ್ಷಿಯಂತೆ ಮತ ಹಾಕಿ' ಎಂದಿತು.

ಇಲ್ಲಿ ಪ್ರಾಶಸ್ತ್ಯ ಎಂದರೇನು ಎಂಬುದನ್ನು ಹೇಳಬೇಕು. ರಾಷ್ಟ್ರಪತಿ ಚುನಾವಣೆಯ ಮತಪತ್ರದಲ್ಲಿ ಮುದ್ರೆ ಒತ್ತುವುದಿಲ್ಲ. ಹೆಸರುಗಳ ಮುಂದೆ 1, 2, 3 ಎಂದು ಬರೆಯುತ್ತಾರೆ. 1 ಬರೆಯಲೇಬೇಕು, ಉಳಿದದ್ದು ಇಷ್ಟ. ಒಟ್ಟು ಕ್ರಮಬದ್ಧ ಮತಮೌಲ್ಯದ ಅರ್ಧಕ್ಕಿಂತ ಹೆಚ್ಚು ಯಾರಿಗೂ ಬಾರದಿದ್ದರೆ ಎಲ್ಲರಿಗಿಂತ ಕೆಳಗಿನವರನ್ನು ಕೈಬಿಟ್ಟು, ಅವರಿಗೆ ಬಂದ ಮತಪತ್ರಗಳಲ್ಲಿ 2 ಯಾರಿಗೆ ಇದೆಯೋ ಅವರಿಗೆ ಸೇರಿಸುತ್ತಾರೆ. ಒಬ್ಬರು ಅರ್ಧ ದಾಟುವವರೆಗೆ ಹೀಗೆಯೇ.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಗೆಲ್ಲಲು ಬೇಕಾದದ್ದು 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಯಾರೂ ದಾಟಲಿಲ್ಲ. ಕೆಳಗಿನವರ ಮತಗಳನ್ನು ಹಂಚಿದ ಮೇಲೆ ಗಿರಿ 4,20,077 ಮುಟ್ಟಿ ಗೆದ್ದರು. ರೆಡ್ಡಿ 4,05,427ಕ್ಕೆ ನಿಂತರು. ಗುಮಾಸ್ತನ ಬುದ್ಧಿ ನನ್ನದು, ಕೂಡಿ ಕಳೆದು ನೋಡಿದೆ. ಹಂಚಿಕೆಯಲ್ಲಿ ರೆಡ್ಡಿಯವರಿಗೆ ಸಿಕ್ಕಿದ್ದು 91,879, ಗಿರಿಯವರಿಗೆ ಬರೀ 18,562. ಎರಡನೇ ಪ್ರಾಶಸ್ತ್ಯ ಹೆಚ್ಚು ಸಿಕ್ಕವರು ಸೋತರು, ಕಡಿಮೆ ಸಿಕ್ಕವರು ಗೆದ್ದರು. ಆದರೂ ಆ 18,562 ಇಲ್ಲದಿದ್ದರೆ ಗಿರಿಯವರು ಗೆರೆ ದಾಟುತ್ತಿರಲಿಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ಎರಡನೇ ಪ್ರಾಶಸ್ತ್ಯದವರೆಗೆ ಎಣಿಕೆ ಹೋಗಿ ತೀರ್ಮಾನವಾದದ್ದು ಇಲ್ಲಿಯವರೆಗೆ ಅದೊಂದೇ ಸಲ. ಅದೇ ವರ್ಷ ನವೆಂಬರಿನಲ್ಲಿ ಕಾಂಗ್ರೆಸ್ ಒಡೆಯಿತು. ಗೆಲುವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಗಿರಿಯವರು ರಾಷ್ಟ್ರಪತಿಯಾಗಿದ್ದುಕೊಂಡೇ ಸಾಕ್ಷಿ ಹೇಳಿದರು. ಸಂಜೀವ ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ಆಯ್ಕೆಯಾದರು. ಅವರು ಅಧಿಕಾರ ವಹಿಸಿಕೊಳ್ಳುವವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ನಮ್ಮ ಬಿ.ಡಿ. ಜತ್ತಿಯವರು.

ಈಗ ವಿಷಯಕ್ಕೆ ಬರೋಣ. 1969ರಲ್ಲಿ ರೆಡ್ಡಿ, ಗಿರಿ ಇಬ್ಬರೂ ಬೇಡವೆನಿಸಿದ ಶಾಸಕರಿಗೆ ಒಂದು ದಾರಿ ಇತ್ತು. ದೇಶಮುಖ್ ಅವರ ಮುಂದೆ 1 ಬರೆದು ತಮ್ಮ ಅಸಮಾಧಾನ ತೋರಿಸಬಹುದಿತ್ತು. ಉಳಿದಿಬ್ಬರಲ್ಲಿ ಪರವಾಗಿಲ್ಲ ಎನಿಸಿದವರಿಗೆ 2 ಬರೆದು ಮತವನ್ನು ಉಳಿಸಿಕೊಳ್ಳಬಹುದಿತ್ತು. ಯಾರೂ ಬೇಡವೆನ್ನುವವರಿಗೆ ಮಾತ್ರ ಅಲ್ಲಿ ಜಾಗವಿಲ್ಲ, ರಾಷ್ಟ್ರಪತಿ ಚುನಾವಣೆಯಲ್ಲಿ ನೋಟಾ ಇಲ್ಲ. ಅಂಥವರು ಗೈರುಹಾಜರಾಗುತ್ತಾರೆ. 2012ರಲ್ಲಿ ಟಿಆರ್‌ಎಸ್ ಮತ್ತು ತೆಲುಗುದೇಶಂ ಎರಡೂ ಮತದಾನದಿಂದ ದೂರ ಉಳಿದವು. 2022ರಲ್ಲಿ 53 ಮತಪತ್ರಗಳು ಕುಲಗೆಟ್ಟವು, ಅದರಲ್ಲಿ 15 ಸಂಸದರವು. ತಪ್ಪಿ ಆದದ್ದೋ ಬೇಕೆಂದು ಮಾಡಿದ್ದೋ ಮತ ಹಾಕಿದವರಿಗೇ ಗೊತ್ತು.

ಯಾರು ಬೇಕಾದರೂ ನಿಲ್ಲಬಹುದೇ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. 1967ರಲ್ಲಿ 17 ಜನ ನಿಂತು 9 ಜನಕ್ಕೆ ಒಂದು ಮತವೂ ಬರಲಿಲ್ಲ. ಆಮೇಲೆ ಕಾನೂನು ಬಿಗಿಯಾಯಿತು. ಈಗ 35 ವರ್ಷ ತುಂಬಿರಬೇಕು, 50 ಮತದಾರರು ಸೂಚಕರಾಗಿ, 50 ಮತದಾರರು ಅನುಮೋದಕರಾಗಿ ಸಹಿ ಹಾಕಬೇಕು, ಠೇವಣಿ 15,000 ರೂಪಾಯಿ. ಇಲ್ಲಿ ಮತದಾರರೆಂದರೆ ಸಂಸದರು, ಶಾಸಕರು. ನೂರು ಜನಪ್ರತಿನಿಧಿಗಳ ಸಹಿ ದೊಡ್ಡ ಪಕ್ಷಗಳ ಕೃಪೆಯಿಲ್ಲದೆ ಸಿಗುವುದಿಲ್ಲ. ಅಭ್ಯರ್ಥಿ ಹಿಡಿಸಲಿಲ್ಲ ಎಂದು ಹೊಸಬರನ್ನು ನಿಲ್ಲಿಸುವ ಬಾಗಿಲು ಅಲ್ಲಿಗೆ ಮುಚ್ಚಿತು.

ನೋಟಾ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ನೋಟಾ ಬರುವುದಕ್ಕೆ ಮೊದಲು 1961ರ ಚುನಾವಣಾ ನಿಯಮಗಳಲ್ಲಿ 49-ಓ ಎಂಬುದಿತ್ತು. ಮತಗಟ್ಟೆಗೆ ಬಂದು ರಿಜಿಸ್ಟರಿನಲ್ಲಿ ಸಹಿ ಮಾಡಿದ ಮೇಲೆ 'ನಾನು ಯಾರಿಗೂ ಹಾಕುವುದಿಲ್ಲ' ಎಂದರೆ ಅಧಿಕಾರಿ ಅದನ್ನು ಷರಾದಲ್ಲಿ ಬರೆದು ಸಹಿ ತೆಗೆದುಕೊಳ್ಳಬೇಕು. ನನ್ನ ಇಡೀ ಸರ್ವೀಸಿನಲ್ಲಿ ಒಂದೇ ಒಂದು ಸಲ ಇದನ್ನು ಕಂಡೆ. ಒಂದು ಹಳ್ಳಿಯ ಮತಗಟ್ಟೆಯಲ್ಲಿ ವಯಸ್ಸಾದ ರೈತರೊಬ್ಬರು, "ಇವರು ಯಾರೂ ನನಗ ಬ್ಯಾಡ್ರಿ, ಹಂಗಂತ ಬರಕೋರಿ" ಎಂದರು. ಕೊಠಡಿಯಲ್ಲಿದ್ದ ಪಕ್ಷದ ಏಜೆಂಟರೆಲ್ಲ ತಲೆ ಎತ್ತಿ ನೋಡಿದರು. ಸಂಜೆಗೆ ನಾವು ಪೆಟ್ಟಿಗೆ ಕಟ್ಟುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಅವರು ಊರಲ್ಲಿ ಆಮೇಲೆ ಹೇಗಿದ್ದರೋ ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ಬೇಡವೆನ್ನುವ ಮತವೂ ಗುಪ್ತವಾಗಿರಬೇಕು ಎಂದು ಪಿಯುಸಿಎಲ್ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್ 27ರಂದು ತೀರ್ಪು ಕೊಟ್ಟಿತು. ಅಂದಿನಿಂದ ಇವಿಎಂನಲ್ಲಿ ಎಲ್ಲ ಅಭ್ಯರ್ಥಿಗಳ ಕೆಳಗೆ ಕೊನೆಯ ಗುಂಡಿ ನೋಟಾ. ಆ ರೈತರು ಈಗ ಬಂದರೆ ಯಾರಿಗೂ ತಿಳಿಯದಂತೆ ಹೇಳಿ ಹೋಗಬಹುದು. ನೋಟಾದ ದೊಡ್ಡ ಲಾಭ ಇದು.

ಆದರೆ ಗದ್ವಾಲದ ತಮ್ಮ ಹೇಳಿದಂತೆ ಚುನಾವಣೆ ರದ್ದಾಗುವುದಿಲ್ಲ. ನೋಟಾಕ್ಕೇ ಎಲ್ಲರಿಗಿಂತ ಹೆಚ್ಚು ಬಂದರೂ, ಅಭ್ಯರ್ಥಿಗಳಲ್ಲಿ ಯಾರಿಗೆ ಹೆಚ್ಚು ಬಂದಿದೆಯೋ ಅವರೇ ಗೆದ್ದಂತೆ. ಠೇವಣಿ ಉಳಿಯಲು ಬೇಕಾದ ಆರನೇ ಒಂದು ಭಾಗದ ಲೆಕ್ಕಕ್ಕೂ ನೋಟಾ ಮತಗಳನ್ನು ಹಿಡಿಯುವುದಿಲ್ಲ. 2024ರಲ್ಲಿ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ ಒಂದು ದೊಡ್ಡ ಪಕ್ಷದ ಅಭ್ಯರ್ಥಿ ಕೊನೆಗಳಿಗೆಯಲ್ಲಿ ನಾಮಪತ್ರ ಹಿಂದಕ್ಕೆ ಪಡೆದಾಗ ಜನ ನೋಟಾಕ್ಕೆ 2,18,674 ಮತ ಕೊಟ್ಟರು, ಅದು ಎರಡನೇ ಸ್ಥಾನಕ್ಕೆ ಬಂತು. ಫಲಿತಾಂಶ ಬದಲಾಗಲಿಲ್ಲ. ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ನೋಟಾಕ್ಕೆ ಹೆಚ್ಚು ಬಂದರೆ ಮರುಚುನಾವಣೆ ಎಂದು ಮಹಾರಾಷ್ಟ್ರ, ಹರಿಯಾಣದ ರಾಜ್ಯ ಚುನಾವಣಾ ಆಯೋಗಗಳು 2018ರಲ್ಲಿ ಆದೇಶ ಮಾಡಿದ್ದುಂಟು. ಶಾಸನಸಭೆ, ಲೋಕಸಭೆಗೆ ಅದು ಬಂದಿಲ್ಲ.

ದೇಶದಲ್ಲಿ ನೂರಕ್ಕೆ ಒಬ್ಬರು ನೋಟಾ ಒತ್ತುತ್ತಾರೆ. ಅಷ್ಟೇನಾ ಎನ್ನಬೇಡಿ. ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 2018ರ ವಿಧಾನಸಭೆ ಚುನಾವಣೆಯ ಗೆಲುವಿನ ಅಂತರ 213 ಮತ. ನೋಟಾಕ್ಕೆ ಬಿದ್ದದ್ದು ಅದಕ್ಕಿಂತ ಹೆಚ್ಚು. ಅವರಲ್ಲಿ ಕೆಲವರು 'ಇವರಿಗಿಂತ ಅವರು ವಾಸಿ' ಎಂದು ತೀರ್ಮಾನಿಸಿದ್ದರೂ ಶಾಸಕರು ಬೇರೆಯಾಗಬಹುದಿತ್ತು.

ಕಣದಲ್ಲಿ ನೂರಾರು ಜನ ನಿಂತು ಸಿಟ್ಟು ತೋರಿಸಿದ್ದೂ ಇದೆ. 1996ರಲ್ಲಿ ನಲ್ಗೊಂಡದ ಫ್ಲೋರೈಡ್ ನೀರಿನ ಸಂಕಟವನ್ನು ದೇಶಕ್ಕೆ ಕಾಣಿಸಲು ಲೋಕಸಭೆಗೆ 480 ಜನ ನಿಂತರು. ಮತಪತ್ರ ಪುಸ್ತಕದಷ್ಟಾಯಿತು. ಅದೇ ವರ್ಷ ಬೆಳಗಾವಿಯಲ್ಲಿ 456 ಜನ. ಸರ್ಕಾರ ಮಾಡಿದ ಮೊದಲ ಕೆಲಸ ಠೇವಣಿ ಏರಿಸಿದ್ದು, ಲೋಕಸಭೆಗೆ 500 ರೂಪಾಯಿ ಇದ್ದದ್ದು 10,000 ಆಯಿತು, ಈಗ 25,000. ಆದರೂ 2019ರಲ್ಲಿ ನಿಜಾಮಾಬಾದಿನ ಅರಿಶಿನ ಬೆಳೆಗಾರರು ಹಣ ಕೂಡಿಸಿ ನಿಂತರು, ಕಣದಲ್ಲಿ 185 ಜನ. ಅಂದಿನ ಸಂಸದೆ ಸೋತರು. ರೈತರು ಕೇಳುತ್ತಿದ್ದ ಅರಿಶಿನ ಮಂಡಳಿ ನಿಜಾಮಾಬಾದಿನಲ್ಲಿ ಆರಂಭವಾದದ್ದು 2025ರ ಜನವರಿಯಲ್ಲಿ. ನೋಟಾ ಒತ್ತಿದವರಿಗೆ ಏನು ಬೇಕು ಎಂಬುದು ಯಾರಿಗೂ ತಿಳಿಯುವುದಿಲ್ಲ. ಇವರಿಗೆ ಏನು ಬೇಕು ಎಂಬುದು ಇಡೀ ದೇಶಕ್ಕೆ ತಿಳಿಯಿತು.

ಅವರಿಗೆ ಎರಡನೇ ಮತ, ನಮಗೆ ನೋಟಾ

ಒಟ್ಟಿನಲ್ಲಿ ಶಾಸಕರಿಗೆ 2 ಎಂದು ಬರೆಯುವ ಹಕ್ಕಿದೆ, ನೋಟಾ ಇಲ್ಲ. ನಮಗೆ ನೋಟಾ ಇದೆ, 2 ಬರೆಯುವಂತಿಲ್ಲ. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ನಾನು 2ನ್ನೇ ಆರಿಸುತ್ತೇನೆ.

2024ರಲ್ಲಿ ಮಹಬೂಬನಗರ ಲೋಕಸಭಾ ಕ್ಷೇತ್ರವನ್ನು ಗದ್ವಾಲದ ಡಿ.ಕೆ. ಅರುಣಾ ಅವರು ಗೆದ್ದದ್ದು 4,500 ಮತಗಳಿಂದ. ಚಲಾವಣೆಯಾದ ಮತ ಸುಮಾರು 12 ಲಕ್ಷ. ಮೂರನೇ ಸ್ಥಾನದ ಅಭ್ಯರ್ಥಿಗೆ ಒಂದೂವರೆ ಲಕ್ಷದಷ್ಟು ಬಂದವು. ಆ ಒಂದೂವರೆ ಲಕ್ಷ ಜನಕ್ಕೆ ಮೊದಲ ಇಬ್ಬರಲ್ಲಿ ಯಾರು ವಾಸಿ ಎನಿಸಿತ್ತೋ ಯಂತ್ರ ಕೇಳಲೇ ಇಲ್ಲ. ಕೇಳಿದ್ದರೆ ಗೆದ್ದವರೇ ಇನ್ನೂ ದೊಡ್ಡ ಅಂತರದಿಂದ ಗೆಲ್ಲುತ್ತಿದ್ದರೋ, ಫಲಿತಾಂಶವೇ ತಿರುಗುತ್ತಿತ್ತೋ ಹೇಳಲಾಗದು. ಯಾರೇ ಗೆದ್ದರೂ 'ಅರ್ಧಕ್ಕಿಂತ ಹೆಚ್ಚು ಜನ ನನ್ನನ್ನು ಒಪ್ಪಿದ್ದಾರೆ' ಎಂದು ಹೇಳಿಕೊಳ್ಳಬಹುದಿತ್ತು.

ಇದು ನಮ್ಮ ಜನಕ್ಕೆ ಆಗದ ಕೆಲಸವೆಂದು ಯಾರೂ ಹೇಳುವಂತಿಲ್ಲ. ನಮ್ಮಲ್ಲಿ ಪದವಿ ಮುಗಿಸಿ ಹೆಸರು ನೋಂದಾಯಿಸಿದವರು 2021ರ ಮಾರ್ಚ್ 14ರಂದು ಮಹಬೂಬನಗರ-ರಂಗಾರೆಡ್ಡಿ-ಹೈದರಾಬಾದ್ ಪದವೀಧರರ ಕ್ಷೇತ್ರಕ್ಕೆ ಹೀಗೆಯೇ ಅಂಕಿ ಬರೆದು ಮತ ಹಾಕಿ ಬಂದಿದ್ದಾರೆ. 93 ಅಭ್ಯರ್ಥಿಗಳು, ಹಾಸಿಗೆ ಹಾಸಿದಂತಿದ್ದ ಮತಪತ್ರ. ಎಣಿಕೆ ದಿನಗಟ್ಟಲೆ ನಡೆದು, ಎರಡನೇ ಪ್ರಾಶಸ್ತ್ಯದ ಮತಗಳಿಂದ ಪಿ.ವಿ. ನರಸಿಂಹರಾಯರ ಮಗಳು ಸುರಭಿ ವಾಣಿದೇವಿ ಗೆದ್ದರು. ಶ್ರೀಲಂಕಾದಲ್ಲಿ ಸಾಮಾನ್ಯ ಜನರೇ ರಾಷ್ಟ್ರಪತಿಗೆ 1, 2, 3 ಎಂದು ಬರೆಯುತ್ತಾರೆ. 2024ರಲ್ಲಿ ಮೊದಲ ಸಲ ಅಲ್ಲಿ ಎರಡನೇ ಸುತ್ತಿನ ಎಣಿಕೆ ಬೇಕಾಯಿತು.

ಅಮೆರಿಕದಲ್ಲಿರುವ ನಮ್ಮ ಸದಸ್ಯರ ಮಕ್ಕಳು 'ಇಲ್ಲಿ ನೇರ ಚುನಾವಣೆ' ಎಂದು ಹೇಳುತ್ತಿರುತ್ತಾರೆ. ಪೂರ್ತಿ ಹಾಗಲ್ಲ. ಅಲ್ಲಿಯೂ 538 ಜನರ ಮಂಡಳಿಯೇ ಆರಿಸುವುದು, 270 ಬೇಕು. 2000 ಮತ್ತು 2016ರಲ್ಲಿ ದೇಶದಲ್ಲಿ ಹೆಚ್ಚು ಜನಮತ ಪಡೆದವರು ಸೋತರು. ನೆವಾಡ ಎಂಬ ರಾಜ್ಯದಲ್ಲಿ 1976ರಿಂದ ನಮ್ಮ ನೋಟಾದಂಥದ್ದು ಮತಪತ್ರದಲ್ಲಿದೆ. ಅಲ್ಲಿಯೂ ಅದಕ್ಕೆ ಬಿದ್ದ ಮತ ಎಣಿಸುತ್ತಾರೆ, ಗೆಲುವು ಮಾತ್ರ ಅಭ್ಯರ್ಥಿಗೇ.

ಮುಂದಿನ ರಾಷ್ಟ್ರಪತಿ ಚುನಾವಣೆ 2027ರಲ್ಲಿ. ಅಭ್ಯರ್ಥಿಗಳ ಹೆಸರು ಹೊರಬಿದ್ದ ಮೇಲೆ ನಮ್ಮ ಮೂವರು ಶಾಸಕರಿಗೆ ಸಂಘದಿಂದ ಪತ್ರ ಬರೆದು, ಯಾರಿಗೆ, ಏಕೆ ಎಂದು ಕೇಳಬಹುದು. ಮತ ಗುಪ್ತ, ಉತ್ತರ ಕೊಡಲೇಬೇಕೆಂದಿಲ್ಲ. ಕೇಳುವುದಕ್ಕೆ ಅಡ್ಡಿಯಿಲ್ಲ.

ಸಂಘದ ಚುನಾವಣೆ ಬಗ್ಗೆ ಸೂಚನೆ

ನಮ್ಮ ಸಂಘದಲ್ಲಿಯೂ ಕಳೆದ ಸಲ ಅಧ್ಯಕ್ಷ ಸ್ಥಾನಕ್ಕೆ ಮೂರು ಊರಿನಿಂದ ಮೂವರು ನಿಂತು, ಅರ್ಧಕ್ಕಿಂತ ಕಡಿಮೆ ಮತಕ್ಕೆ ತೀರ್ಮಾನವಾಯಿತು. ಆಮೇಲೆ ಒಂದು ಊರಿನವರು ಆರು ತಿಂಗಳು ಸಭೆಗೇ ಬರಲಿಲ್ಲ. ಮತ ಎಣಿಸಿದವನು ನಾನೇ, ನಿಯಮದ ಪ್ರಕಾರವೇ ಎಣಿಸಿದೆ. ಆದರೂ ಆ ಖಾಲಿ ಕುರ್ಚಿಗಳು ನನಗೆ ಚುಚ್ಚುತ್ತಿದ್ದವು. ಅದಕ್ಕಾಗಿ ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಒಂದು ತಿದ್ದುಪಡಿ ಇಡುತ್ತಿದ್ದೇನೆ. ಮತಚೀಟಿಯಲ್ಲಿ 1, 2, 3 ಎಂದು ಬರೆಯುವುದು. ಕೊನೆಯ ಸಾಲಿನಲ್ಲಿ 'ಯಾರೂ ಬೇಡ' ಎಂದು ಇಡುವುದು, ಅದಕ್ಕೆ ಮೊದಲ ಪ್ರಾಶಸ್ತ್ಯದಲ್ಲಿಯೇ ಅರ್ಧಕ್ಕಿಂತ ಹೆಚ್ಚು ಬಂದರೆ ಹದಿನೈದು ದಿನದಲ್ಲಿ ಹೊಸದಾಗಿ ನಾಮಪತ್ರ ಕರೆಯುವುದು.

ಉದಾಹರಣೆಗೆ ನೂರು ಮತಗಳಲ್ಲಿ ನಾರಾಯಣಪೇಟೆಯವರಿಗೆ 40, ಗದ್ವಾಲದವರಿಗೆ 35, ಮಕ್ತಲಿನವರಿಗೆ 25 ಬಂದವು ಎನ್ನಿ. ಮಕ್ತಲಿನವರನ್ನು ಕೈಬಿಟ್ಟು ಆ 25 ಚೀಟಿಗಳನ್ನು ತೆರೆದರೆ 18ರಲ್ಲಿ ಗದ್ವಾಲದವರಿಗೆ 2, 7ರಲ್ಲಿ ನಾರಾಯಣಪೇಟೆಯವರಿಗೆ 2 ಇದೆ. ಆಗ ಗದ್ವಾಲ 53, ನಾರಾಯಣಪೇಟೆ 47. ಗೆದ್ದವರು ಗದ್ವಾಲದವರು. ನಾನು ನಾರಾಯಣಪೇಟೆಯವನು, ಉದಾಹರಣೆಯಲ್ಲಿ ನಮ್ಮೂರನ್ನೇ ಸೋಲಿಸಿದ್ದೇನೆ, ಗಮನಿಸಿ. ಈ ಸಲ ನಾನು ಯಾವ ಸ್ಥಾನಕ್ಕೂ ನಿಲ್ಲುವುದಿಲ್ಲ.

ಆಕ್ಷೇಪಣೆ ಇದ್ದವರು ಸಭೆಗೆ ಒಂದು ವಾರ ಮೊದಲು ಬರೆದು ಕೊಡಿ. ಕನ್ನಡದಲ್ಲಿ ಬರೆಯಲು ಕಷ್ಟವಾಗುವ ಯುವ ಸದಸ್ಯರು ತೆಲುಗಿನಲ್ಲಿ ಬರೆದರೂ ಸರಿ, ನಾನು ಓದಿಕೊಳ್ಳುತ್ತೇನೆ.